ಮಾಜಾಳಿಯ ಕಡಲ ಮೇಲೆ ನೆಪ್ಚೂನ್

ಸಂಕ್ರಾಂತಿ ಮುಗಿದ ಶನಿವಾರ, 2026ರ ಜನವರಿ 17. ಮರುದಿನ ಅಮಾವಾಸ್ಯೆ. ಮಧ್ಯಾಹ್ನದ ಊಟ ಮುಗಿಸಿ ನಾನೂ ಅಣ್ಣನ ಮಗಳೂ ಶಿರಸಿಯಿಂದ ಹೊರಟೆವು. ಚೀಲದಲ್ಲಿ ತೊಡದೇವು, ಫ್ಲಾಸ್ಕಿನಲ್ಲಿ ಕಷಾಯ, ಅವಳ ಕೊರಳಲ್ಲಿ ಬೈನಾಕ್ಯುಲರ್. ನೆಪ್ಚೂನ್ ನೋಡಲೇಬೇಕು ಅಂತ ಅವಳ ಹಟ. ನಮ್ಮ ಮನೆಯ ಸುತ್ತ ಅಡಿಕೆ ತೋಟ, ಆಕಾಶ ಕಾಣುವುದು ಅಂಗಳದಷ್ಟೇ. ಪಡುವಣ ದಿಕ್ಕು ಪೂರ್ತಿ ಬೇಕೆಂದರೆ ಕಡಲಿಗೇ ಇಳಿಯಬೇಕು.

ಯಲ್ಲಾಪುರ ದಾಟಿ ಅರಬೈಲು ಘಟ್ಟ ಇಳಿಯುವಾಗ ಅವಳಿಗೆ ಗ್ರಹವಿಜ್ಞಾನಿ ಹೈಡಿ ಹ್ಯಾಮಲ್ ಕಥೆ ಹೇಳತೊಡಗಿದೆ. 1960ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದವರು. ಎಂಐಟಿ ವಿಶ್ವವಿದ್ಯಾಲಯದಲ್ಲಿ ಓದು, ಆಮೇಲೆ ಹವಾಯಿಯಲ್ಲಿ 1988ಕ್ಕೆ ಡಾಕ್ಟರೇಟ್. ಉಳಿದವರೆಲ್ಲ ಗ್ರಹದ ನೆಲ, ಕುಳಿ, ಬೆಟ್ಟ ಅನ್ನುವಾಗ ಇವರ ಕಣ್ಣು ನೆಲವೇ ಇಲ್ಲದ ಗ್ರಹಗಳ ಮೋಡಗಳ ಮೇಲೆ. 1989ರ ಆಗಸ್ಟ್ 25ರಂದು ವಾಯೇಜರ್ 2 ನೆಪ್ಚೂನ್ ಹತ್ತಿರ ಹಾದಾಗ ಚಿತ್ರಗಳನ್ನು ಓದುವ ತಂಡದಲ್ಲಿ ಇವರೂ ಇದ್ದರು. ಹನ್ನೆರಡು ವರ್ಷ ಪ್ರಯಾಣ ಮಾಡಿದ ನೌಕೆ ಅದು. ಅಲ್ಲಿ ಕಂಡದ್ದು ಭೂಮಿಯಷ್ಟು ದೊಡ್ಡ ಒಂದು ಕಪ್ಪು ಗಾಳಿಸುಳಿ.

"ಅದು ಈಗಲೂ ಇದ್ಯಾ ಅತ್ತೆ?"

ಇಲ್ಲ. ಐದೇ ವರ್ಷಕ್ಕೆ, 1994ರಲ್ಲಿ, ಹ್ಯಾಮಲ್ ತಂಡ ಹಬಲ್ ದೂರದರ್ಶಕದಿಂದ ನೋಡಿದಾಗ ಅದು ಮಾಯ. ಬದಲಿಗೆ ಉತ್ತರ ಭಾಗದಲ್ಲಿ ಬೇರೊಂದು ಸುಳಿ ಎದ್ದಿತ್ತು. ನನಗೆ ಇಡೀ ಕಥೆಯಲ್ಲಿ ಜಾಸ್ತಿ ಇಷ್ಟವಾಗುವುದು ಇದೇ. ಒಮ್ಮೆ ನೋಡಿ ಬಿಟ್ಟಿದ್ದರೆ ಆ ಸುಳಿ ಅಲ್ಲೇ ಇದೆ ಅಂತಲೇ ಎಲ್ಲರೂ ನಂಬಿರುತ್ತಿದ್ದರು, ಅಲ್ವಾ?

ಅಂಕೋಲಾದಲ್ಲಿ ಬನ್ಸ್, ಚಹಾ. ಕಾರವಾರದ ಟಾಗೋರ್ ಕಡಲತೀರದಲ್ಲಿ ಇಳಿಯಲಿಲ್ಲ, ಅಲ್ಲಿ ಪೇಟೆಯ ದೀಪ ಬಹಳ. ಕಾಳಿ ನದಿ ದಾಟಿ, ಸದಾಶಿವಗಡ ಬಿಟ್ಟು, ಮಾಜಾಳಿಗೆ ಹೋದೆವು. ಸೂರ್ಯ ಮುಳುಗಿ ಒಂದು ಗಂಟೆಯಾದ ಮೇಲೆ ಕತ್ತಲು ಸರಿಯಾಗಿ ಕೂತಿತು. ಪಡುವಣದಲ್ಲಿ ಶನಿ ಸಿಕ್ಕಿದ. ಕೈ ಉದ್ದಕ್ಕೆ ಚಾಚಿದರೆ ಹೆಬ್ಬೆರಳಿನ ಅಗಲದಷ್ಟು ಮೇಲೆ ನೆಪ್ಚೂನ್ ಇರಬೇಕು. ಬರಿಗಣ್ಣಿಗೆ ಕಾಣುವುದಿಲ್ಲ. ಬೈನಾಕ್ಯುಲರಿನಲ್ಲಿ ನಕ್ಷೆ ಹೋಲಿಸಿ ಹುಡುಕಲು ಅರ್ಧ ಗಂಟೆ ಹಿಡಿಯಿತು. ಕೊನೆಗೆ ಸಿಕ್ಕಿದ್ದು ಒಂದು ಮಂಕು ಚುಕ್ಕಿ, ಅಷ್ಟೇ. ಆದರೆ ಆ ಬೆಳಕು ಅಲ್ಲಿಂದ ಹೊರಟು ನಾಲ್ಕು ಗಂಟೆಗೂ ಮೇಲಾಗಿತ್ತು. ಅಂದರೆ ನಾವು ಅಂಕೋಲಾ ಮುಟ್ಟುವ ಮೊದಲೇ. ಹುಡುಗಿ ಉಸಿರು ಬಿಗಿಹಿಡಿದು ನೋಡಿದಳು.

ದೋಣಿಗೆ ಒರಗಿ ಕೂತಿದ್ದ ಮೀನುಗಾರರೊಬ್ಬರು ಎದ್ದು ಬಂದರು. "ಎಂತ ನೋಡ್ತೀರಿ ಅಕ್ಕೋರೆ?" ಅವರಿಗೂ ಬೈನಾಕ್ಯುಲರ್ ಕೊಟ್ಟೆವು. ಬಹಳ ಹೊತ್ತು ನೋಡಿ, "ಅಲ್ಲಿ ಗಾಳಿ ಉಂಟಾ?" ಅಂದರು.

ಇಷ್ಟು ಸರಿಯಾದ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಉಂಟು, ಗಂಟೆಗೆ 2000 ಕಿಲೋಮೀಟರ್ ಆಸುಪಾಸು ಅಂದೆ. ಯಾರೂ ಹೋಗದೆ ಅದು ಗೊತ್ತಾದದ್ದು ಹೇಗೆ ಅಂತ ಕೇಳಿದರು. ಮೋಡದ ಚಿತ್ರ ತೆಗೆಯುವುದು, ಕೆಲವು ಗಂಟೆ ಬಿಟ್ಟು ಮತ್ತೆ ತೆಗೆಯುವುದು, ಎಷ್ಟು ದೂರ ಸರಿದಿದೆ ಅಂತ ಅಳೆಯುವುದು.

"ಹಾಂ. ನಾವೂ ಮೋಡ ನೋಡೇ ಗಾಳಿ ಹೇಳುದು," ಅಂದು ಅವರು ಮತ್ತೊಮ್ಮೆ ನೋಡಿದರು.

ಅಷ್ಟರಲ್ಲಿ ಬೆನ್ನ ಹಿಂದೆ, ಗುಡ್ಡದ ಮೇಲೆ, ಗುರು ಚೆನ್ನಾಗಿ ಮೇಲೇರಿದ್ದ. 1994ರ ಜುಲೈ 16ರಿಂದ 22ರವರೆಗೆ ಒಡೆದ ಧೂಮಕೇತುವೊಂದರ ತುಣುಕುಗಳು ಸಾಲಾಗಿ ಅವನ ಮೇಲೆ ಬಿದ್ದವು. ಸೆಕೆಂಡಿಗೆ 60 ಕಿಲೋಮೀಟರ್ ವೇಗ. ಶೂಮೇಕರ್-ಲೆವಿ 9 ಎಂದು ಅದರ ಹೆಸರು. ಹಬಲ್‌ನಿಂದ ಅದರ ಚಿತ್ರ ತೆಗೆದ ತಂಡಕ್ಕೆ ಹ್ಯಾಮಲ್ ಮುಖ್ಯಸ್ಥೆ. ಆಗ ಅವರಿಗೆ 34 ವರ್ಷ. ಚೂರುಗಳು ಸಣ್ಣವು, ಏನೂ ಕಾಣಿಸದೇ ಇರಬಹುದು ಅನ್ನುವ ಅನುಮಾನ ಹಲವರಿಗಿತ್ತು. ಮೊದಮೊದಲ ಚಿತ್ರಗಳಲ್ಲೇ ಗ್ರಹದ ಅಂಚಿನಿಂದ ಮೇಲೆದ್ದ ಉಬ್ಬು ಕಂಡಿತು. ಆಮೇಲೆ ಭೂಮಿಯಷ್ಟಗಲದ ಕಪ್ಪು ಕಲೆಗಳು. ಆ ಕಲೆಗಳು ದಿನದಿಂದ ದಿನಕ್ಕೆ ಹರಡಿ ಚದುರಿದ್ದು ನೋಡಿ ಗುರುವಿನ ಮೇಲ್ಗಾಳಿಯ ಹಾದಿ ತಿಳಿಯಿತು. ಕಂಡದ್ದನ್ನು ಅವರು ಟಿವಿಯಲ್ಲಿ ಸಾಮಾನ್ಯರಿಗೆ ತಿಳಿಯುವಂತೆ ಹೇಳಿದರು. ವಿಜ್ಞಾನವನ್ನು ಜನರಿಗೆ ಮುಟ್ಟಿಸಿದ್ದಕ್ಕೆ 2002ರಲ್ಲಿ ಸೇಗನ್ ಪದಕ ಬಂತು.

ಅದೇ ವರ್ಷ ವೆಬ್ ಬಾಹ್ಯಾಕಾಶ ದೂರದರ್ಶಕದ ವಿಜ್ಞಾನಿಗಳ ತಂಡಕ್ಕೆ ಆಯ್ಕೆ. ಅದು ಹಾರಿದ್ದು 2021ರ ಡಿಸೆಂಬರ್ 25ಕ್ಕೆ. ಹತ್ತೊಂಬತ್ತು ವರ್ಷ ಕಾದರು! ಹಾರಿದ ಮೇಲೆ ಅದರಲ್ಲಿ ನೋಡಲು ತಮ್ಮ ಪಾಲಿಗೆ ಬಂದ ಹೊತ್ತನ್ನು ಸೌರಮಂಡಲದ ಬೇರೆ ಬೇರೆ ವಸ್ತುಗಳನ್ನು ನೋಡುವವರಿಗೆ ಹಂಚಿದರು. 2022ರ ಸೆಪ್ಟೆಂಬರಿನಲ್ಲಿ ವೆಬ್ ತೆಗೆದ ನೆಪ್ಚೂನ್ ಚಿತ್ರ ಬಂತು. ವಾಯೇಜರ್ ನಂತರ ಅದರ ಉಂಗುರಗಳು ಅಷ್ಟು ಸ್ಪಷ್ಟವಾಗಿ ಕಂಡದ್ದು ಆಗಲೇ. ಆ ಚಿತ್ರವನ್ನು ನಾನು ಮೊಬೈಲಿನಲ್ಲಿ ಹುಡುಗಿಗೆ ತೋರಿಸಿದೆ. ಅವಳು ಒಮ್ಮೆ ಅದನ್ನು, ಒಮ್ಮೆ ಕಡಲ ಮೇಲಿನ ಕತ್ತಲನ್ನು ನೋಡುತ್ತಿದ್ದಳು.

ಒಂಬತ್ತಕ್ಕೆ ಗಾಜಿನ ಮೇಲೆ ಇಬ್ಬನಿ ಕೂತಿತು. ಕಷಾಯ ಖಾಲಿ. ಹುಡುಗಿ ಟಾರ್ಚ್ ಬೆಳಕಿನಲ್ಲಿ ನೋಟ್‌ಬುಕ್ಕಿನ ಮೇಲೆ ಎರಡು ಚುಕ್ಕಿ ಇಟ್ಟಳು, ಶನಿ ದೊಡ್ಡದು, ನೆಪ್ಚೂನ್ ಸಣ್ಣದು. ನಡುವಿನ ಅಂತರ, ತಾರೀಕು, ಹೊತ್ತು ಬರೆದಳು. ಫೆಬ್ರವರಿಯಲ್ಲಿ ಇವೆರಡೂ ಇನ್ನೂ ಹತ್ತಿರ ಬರುತ್ತವೆ ಅಂದೆ.

"ಶಿವರಾತ್ರಿಗೆ ಹೇಗೂ ಗೋಕರ್ಣಕ್ಕೆ ಬರ್ತೇವಲ್ಲ ಅತ್ತೆ," ಅಂದಳು. ಪಕ್ಕದ ಪುಟವನ್ನು ಖಾಲಿ ಬಿಟ್ಟು, ಮೇಲೆ 'ಫೆಬ್ರವರಿ 15' ಅಂತ ಬರೆದು ನೋಟ್‌ಬುಕ್ ಮುಚ್ಚಿದಳು.