ಮನೆಯಲ್ಲಿ ಯಾರೂ ಇರಲಿಲ್ಲವಂತೆ

ನಮ್ಮ ಮನೆಗೆ ಬೀಗ ಹಾಕಿದ್ದು ನನಗೆ ನೆನಪಿಲ್ಲ. ಬೀಗವೇನೋ ಇದೆ, ಕೀಲಿ ಎಲ್ಲಿದೆಯೋ ಯಾರಿಗೂ ಗೊತ್ತಿಲ್ಲ. ಅತ್ತೆಯವರು ಎಂಬತ್ತು ದಾಟಿದ ಮೇಲೆ ಜಗಲಿ ಬಿಟ್ಟು ಕದಲುವುದಿಲ್ಲ. ಕೊಟ್ಟಿಗೆಯಲ್ಲಿ ಕರೆಯುವ ಹಸುಗಳಿರುವಾಗ ನಾನೂ ಹೆಚ್ಚು ಹೊತ್ತು ಹೊರಗಿರುವಂತಿಲ್ಲ. ಅಂಥ ಮನೆಯ ಕುರಿತು ದೀಪಾವಳಿಯ ಮುಂಚಿನ ವಾರ ಬೆಂಗಳೂರಿನಲ್ಲಿರುವ ಮಗಳ ಮೊಬೈಲಿಗೆ ಒಂದು ಸಂದೇಶ ಹೋಯಿತು. ಪಾರ್ಸೆಲ್ ತಲುಪಿಸಲು ಪ್ರಯತ್ನಿಸಲಾಯಿತು, ಮನೆಯಲ್ಲಿ ಯಾರೂ ಇರಲಿಲ್ಲ.

"ಅಮ್ಮ, ಎಲ್ಲಿ ಹೋಗಿದ್ದೆ?" ಎಂದು ಅವಳು ಫೋನಿನಲ್ಲಿ ಕೇಳಿದಾಗ ನಾನು ಹಟ್ಟಿಯ ಗೊಬ್ಬರ ಮೆತ್ತಿದ ಕೈಯನ್ನು ಸೆರಗಿಗೆ ತಾಗದಂತೆ ಮೇಲೆತ್ತಿಕೊಂಡು ನಿಂತಿದ್ದೆ. ಎಲ್ಲಿಗೆ ಹೋಗಲಿ?

ಪಾರ್ಸೆಲಿನಲ್ಲಿ ಇದ್ದದ್ದು ಮಿಕ್ಸಿ. ಹಳೆಯದರ ಮೋಟಾರು ಮಳೆಗಾಲದ ವೋಲ್ಟೇಜ್ ಏರಿಳಿತಕ್ಕೆ ಸುಟ್ಟುಹೋಗಿತ್ತು. ಹಬ್ಬಕ್ಕೆ ಮುಂಚೆ ಪೇಟೆಗೆ ಹೋದಾಗ ಒಂದು ತರೋಣವೆಂದು ಇವರು ಹೇಳಿದ್ದರು. ಅಷ್ಟರಲ್ಲಿ ಮಗಳು, "ಹಬ್ಬಕ್ಕೆ ನನ್ನ ಉಡುಗೊರೆ, ರಿಯಾಯಿತಿಯೂ ಇದೆ, ನಾಲ್ಕು ದಿನದಲ್ಲಿ ಬಂದುಬಿಡುತ್ತದೆ" ಎಂದಳು. ಮಕ್ಕಳು ತಮ್ಮ ದುಡ್ಡಿನಲ್ಲಿ ಕೊಡಿಸುತ್ತೇನೆ ಎಂದಾಗ ಬೇಡವೆನ್ನಲು ಯಾವ ತಾಯಿಗೂ ಬಾಯಿ ಬರುವುದಿಲ್ಲ.

ಆಮೇಲೆ ಶುರುವಾಯಿತು ನೋಡಿ ಮಿಕ್ಸಿಯ ತೀರ್ಥಯಾತ್ರೆ. ಬೆಂಗಳೂರಿನಿಂದ ಶಿವಮೊಗ್ಗಕ್ಕೆ ಸುಮಾರು ಮುನ್ನೂರು ಕಿಲೋಮೀಟರ್, ರಾತ್ರಿ ರೈಲು ಹತ್ತಿದರೆ ಬೆಳಗಾಗುವಾಗ ಇಳಿಯಬಹುದು. ಅಲ್ಲಿಂದ ತೀರ್ಥಹಳ್ಳಿಗೆ ಅರವತ್ತು. ನಮ್ಮ ಮಿಕ್ಸಿ ಮಾತ್ರ ಮೊದಲು ಹುಬ್ಬಳ್ಳಿ ನೋಡಿತು, ಅಲ್ಲಿಂದ ದಾವಣಗೆರೆಗೆ ಬಂತು, ಅಲ್ಲಿ ಎರಡು ದಿನ ತಂಗಿತು. ಮಗಳು ದಿನಾ ಸಂಜೆ ಅದು ಎಲ್ಲಿದೆಯೆಂದು ವರದಿ ಒಪ್ಪಿಸುತ್ತಿದ್ದಳು. ಕೊರಿಯರ್ ಕಂಪನಿಗಳು ಊರಿಂದ ಊರಿಗೆ ನೇರವಾಗಿ ಸಾಗಿಸುವುದಿಲ್ಲವಂತೆ. ಎಲ್ಲವನ್ನೂ ದೊಡ್ಡ ಗೋದಾಮಿಗೆ ತಂದು ಸುರಿದು, ಪಿನ್‌ಕೋಡ್ ನೋಡಿ ವಿಂಗಡಿಸಿ, ಲಾರಿ ತುಂಬಿದ ದಿಕ್ಕಿಗೆ ಕಳಿಸುತ್ತಾರೆ. ಹಬ್ಬದ ರಿಯಾಯಿತಿಯ ಕಾಲದಲ್ಲಿ ಆ ಗೋದಾಮಿನ ಗತಿ ಹೇಗಿರುತ್ತದೆಂದು ಊಹಿಸಬಲ್ಲೆ. ಜೊತೆಗೆ 577 ಎಂದು ಶುರುವಾಗುವ ಪಿನ್‌ಕೋಡ್ ನಮಗೊಬ್ಬರಿಗೇ ಸೇರಿದ್ದಲ್ಲ. ದಾವಣಗೆರೆ 577001, ಚಿಕ್ಕಮಗಳೂರು 577101, ಶಿವಮೊಗ್ಗ 577201, ತೀರ್ಥಹಳ್ಳಿ 577432. ಮೊದಲ ಮೂರು ಅಂಕಿ ಓದಿ ಸುಸ್ತಾದವನ ಕೈಗೆ ಸಿಕ್ಕಿದರೆ ಪೆಟ್ಟಿಗೆ ಬಯಲುಸೀಮೆಗೂ ಹೋಗಬಹುದು, ಘಟ್ಟಕ್ಕೂ ಹತ್ತಬಹುದು.

ಈ ತಡವನ್ನು ನಾನು ಕ್ಷಮಿಸಿದ್ದೆ. ತಡವೆನ್ನುವುದು ನಮಗೆ ಹೊಸತೇ? ಆಗುಂಬೆ ಸೀಮೆಯ ಮಳೆಯಲ್ಲಿ ಧರೆ ಕುಸಿದು ಬಸ್ಸು ಬಾರದ ದಿನಗಳನ್ನು ಕಂಡವರು ನಾವು. ಅಂಚೆಯವರು, "ಈವತ್ತು ಚೀಲ ಬಂದಿಲ್ಲ, ನಾಳೆ ನೋಡೋಣ" ಎಂದರೆ ಒಂದು ಲೋಟ ಕಾಫಿ ಕೊಟ್ಟು ಕಳಿಸುತ್ತಿದ್ದೆವು. ನನಗೆ ಮೈ ಉರಿದದ್ದು, ಬಾರದೇ ಇದ್ದವರು ಬಂದೆವೆಂದು ಬರೆದುಕೊಂಡದ್ದಕ್ಕೆ. ಅದೂ ನಾನು ಇರಲಿಲ್ಲವೆಂದು!

ಮಾರನೆಯ ದಿನ ಮತ್ತೆ ಅದೇ ಸಂದೇಶ. ಆ ದಿನವಂತೂ ಮನೆಯಲ್ಲಿ ನಾವಲ್ಲದೆ ಅಂಗಳ ಕೆತ್ತಲು ಬಂದ ಆಳುಗಳಿದ್ದರು. ಅಡಿಕೆ ಕೊಯ್ಲು ಹತ್ತಿರ ಬಂದಿತ್ತು, ಅಂಗಳ ಹಸನಾಗದೆ ಅಡಿಕೆ ಹರವುವಂತಿಲ್ಲ. ಉಣುಗೋಲಿನ ಹತ್ತಿರ, ಹಲಸಿನ ಮರದ ಬುಡದಲ್ಲಿ ನಿಂತರೆ ಮಾತ್ರ ನಮ್ಮಲ್ಲಿ ಫೋನಿಗೆ ಸಿಗ್ನಲ್ ಸಿಗುತ್ತದೆ. ಓಟಿಪಿ ಕೇಳಿ ಫೋನ್ ಬಂದೀತೆಂದು ಇವರು ಅಲ್ಲೇ ಒಂದು ಸ್ಟೂಲ್ ಹಾಕಿಕೊಂಡು ಕುಳಿತಿದ್ದರು. ದಾರಿಯಲ್ಲಿ ಬಂದದ್ದು ಪಕ್ಕದ ಮನೆಯ ದನ ಮಾತ್ರ.

ಹಬ್ಬ ಬಂದೇಬಿಟ್ಟಿತು. ನೀರು ತುಂಬುವ ದಿನ ಹಂಡೆ ತಿಕ್ಕಿ, ಹಿಂಡ್ಲೆಕಾಯಿ ಬಳ್ಳಿ ಕಟ್ಟಿ, ಆಮೇಲೆ ಒರಳಿನ ಕಡೆ ನೋಡಿದೆ. ಮಿಕ್ಸಿ ಬಂದ ಮೇಲೆ ಅದು ಬಚ್ಚಲಿನ ಹಿಂದಕ್ಕೆ ಹೋಗಿತ್ತು. ಕುಳಿಯಲ್ಲಿ ಮಳೆನೀರು ನಿಂತು ಒಂದು ಕಪ್ಪೆ ಸಂಸಾರ ಹೂಡಿತ್ತು. ಅದನ್ನು ಒಕ್ಕಲೆಬ್ಬಿಸಿ, ಪಾಚಿ ಉಜ್ಜಿ ತೆಗೆದು, ಬಿಸಿನೀರು ಹೊಯ್ದು ತೊಳೆದೆ. ಗುಂಡು ಹುಡುಕಿದರೆ ಕೊಟ್ಟಿಗೆಯ ಬಾಗಿಲಿಗೆ ಆನಿಸಿತ್ತು. ಬೆಲ್ಲ ಬೆರೆತ ಕಡಲೆಬೇಳೆಯನ್ನು ಒರಳಿನಲ್ಲಿ ರುಬ್ಬಿದವರಿಗೆ ಗೊತ್ತು, ಹೂರಣ ಗುಂಡಿಗೆ ಅಂಟಿಕೊಂಡರೆ ಎರಡು ಕೈ ಹಾಕಿದರೂ ಅದು ತಿರುಗುವುದಿಲ್ಲ. ಅತ್ತೆ ಜಗಲಿಯಿಂದಲೇ, "ಎಡಗೈಯಲ್ಲಿ ಕೆರೆದು ಒಳಗೆ ತಳ್ಳುತ್ತಿರು, ನೀರು ಮುಟ್ಟಿಸಬೇಡ" ಎಂದು ಹೇಳುತ್ತಿದ್ದರು. ಅವರ ದನಿಯಲ್ಲಿ ಬಹಳ ವರ್ಷಗಳ ಮೇಲೆ ಒಂದು ಅಧಿಕಾರ ಬಂದಿತ್ತು. ಹೋಳಿಗೆ ಚೆನ್ನಾಗಿಯೇ ಆಯಿತು. ಒರಳಿನ ರುಚಿ ಬೇರೆ ಎಂದು ತಿಂದವರೆಲ್ಲ ಹೊಗಳಿದರು. ಹೊಗಳಿದವರಲ್ಲಿ ಒಬ್ಬರೂ ರುಬ್ಬಿರಲಿಲ್ಲ.

ಬಲಿಪಾಡ್ಯಮಿಯ ರಾತ್ರಿ ಅಂಟಿಗೆ ಪಂಟಿಗೆಯವರು ಬಂದರು. ಹೊರಗಿನವರಿಗೆ ಹೇಳುವುದಾದರೆ, ದೀಪಾವಳಿಯ ಹೊತ್ತಿನಲ್ಲಿ ಊರ ಗಂಡಸರು ಹಣತೆಯ ದೀಪವನ್ನು ಆರದಂತೆ ಹಿಡಿದು, ಹಾಡುತ್ತ, ರಾತ್ರಿಯಿಡೀ ಮನೆಯಿಂದ ಮನೆಗೆ ನಡೆಯುತ್ತಾರೆ. ಮನೆಯವರು ಆ ದೀಪಕ್ಕೆ ಎಣ್ಣೆ ಎರೆದು, ಅಕ್ಕಿ, ಕಾಯಿ, ದಕ್ಷಿಣೆ ಕೊಟ್ಟು ಕಳಿಸಬೇಕು. ನಮ್ಮ ಮನೆಗೆ ಬಂದಾಗ ನಡುರಾತ್ರಿ ದಾಟಿತ್ತು. ಸಂಕ ದಾಟಿ, ಗದ್ದೆಯ ಅಂಚಿನಲ್ಲಿ, ಮೊಣಕಾಲು ಇಬ್ಬನಿಯಲ್ಲಿ ನೆನೆಸಿಕೊಂಡು ಬಂದಿದ್ದರು. ಒಂದು ಹಣತೆ ಹಿಡಿದುಕೊಂಡವರಿಗೆ ಕತ್ತಲಲ್ಲಿ ಸಿಕ್ಕ ಮನೆ, ಅಂಗೈಯಲ್ಲಿ ನಕ್ಷೆ ಇಟ್ಟುಕೊಂಡವರಿಗೆ ಹಗಲಲ್ಲಿ ಸಿಗಲಿಲ್ಲವಲ್ಲ ಎಂದು ಇವರು ಅಂದರು. ಹಾಡುವವರಲ್ಲಿ ಒಬ್ಬ ನಗು ತಡೆಯಲಾರದೆ ಹಾಡಿನ ಸಾಲು ತಪ್ಪಿಸಿದ. ಅವನ ತಂಗಿಯ ಮನೆಗೆ ಬರಬೇಕಾಗಿದ್ದ ಮಗುವಿನ ಬಟ್ಟೆಗೂ ಇದೇ ಗತಿಯಾಗಿತ್ತಂತೆ.

ಹಬ್ಬ ಮುಗಿದ ಮೇಲೆ ನಾನೇ ತೀರ್ಥಹಳ್ಳಿಗೆ ಹೋದೆ. ಜಗಳ ಮಾಡಬೇಕೆಂದೇ ಹೋದದ್ದು, ಬಸ್ಸಿನಲ್ಲಿ ಮಾತುಗಳನ್ನೂ ಜೋಡಿಸಿಕೊಂಡಿದ್ದೆ. ಕೊರಿಯರಿನವರ ಕಚೇರಿ ಎಂದರೆ ಒಂದು ಶಟರಿನ ಕೋಣೆ. ಒಳಗೆ ಕಾಲಿಡಲು ಜಾಗವಿಲ್ಲದಂತೆ ಪೆಟ್ಟಿಗೆಗಳು. ಅವುಗಳ ಮೈಮೇಲೆ ಕಪ್ಪು ಮಾರ್ಕರಿನಲ್ಲಿ ಊರ ಹೆಸರುಗಳನ್ನು ಗೀಚಿದ್ದರು: ಮೇಗರವಳ್ಳಿ, ಮಂಡಗದ್ದೆ, ಕಮ್ಮರಡಿ. ನಡುವೆ ಇಪ್ಪತ್ತೆರಡು ಇಪ್ಪತ್ಮೂರರ ಒಬ್ಬ ಹುಡುಗ ಚಕ್ಕಳಮಕ್ಕಳ ಹಾಕಿ ಕುಳಿತು ಸ್ಕ್ಯಾನ್ ಮಾಡುತ್ತಿದ್ದ. ಮಧ್ಯಾಹ್ನದ ಊಟದ ಡಬ್ಬಿ ಮುಚ್ಚಳ ತೆರೆದು ಹಾಗೇ ಬಿದ್ದಿತ್ತು, ಅನ್ನದ ಮೇಲೆ ಸಾರು ಒಣಗಿತ್ತು.

"ನಮ್ಮ ಮನೆಗೆ ಬಂದಿದ್ದೆಯಂತೆ, ನಾನು ಇರಲಿಲ್ಲವಂತೆ" ಎಂದೆ.

ಅವನು ತಲೆ ಎತ್ತಿ ನೋಡಿದ. ಸುಳ್ಳು ಹೇಳಲಿಲ್ಲ, ಅದಕ್ಕೆ ನನ್ನ ಅರ್ಧ ಜಗಳ ಅಲ್ಲೇ ಹೋಯಿತು. "ಅಮ್ಮ, ಈವತ್ತು ಕೊಡಲು ಆಗಲಿಲ್ಲ ಎಂದು ಒತ್ತಿದರೆ ಕಂಪನಿಯವರು ನನ್ನನ್ನು ಕೇಳುತ್ತಾರೆ. ಮನೆಯಲ್ಲಿ ಯಾರೂ ಇಲ್ಲ ಎಂದು ಒತ್ತಿದರೆ ಯಾರೂ ಕೇಳುವುದಿಲ್ಲ" ಎಂದ. ಒಂದು ಪಾರ್ಸೆಲಿಗೆ ಇಷ್ಟು ಎಂದು ಅವನಿಗೆ ಕೂಲಿ. ಬೈಕು ಅವನದೇ, ಪೆಟ್ರೋಲೂ ಅವನದೇ. ಪೇಟೆಯ ಒಂದು ಬೀದಿಯಲ್ಲಿ ಹತ್ತು ಕೊಡುವ ಹೊತ್ತಿನಲ್ಲಿ ನಮ್ಮ ಕಡೆಗೆ ಒಂದು ಕೊಟ್ಟು ಬಂದರೆ ಪೆಟ್ರೋಲಿಗೂ ಹುಟ್ಟುವುದಿಲ್ಲ. ಹಳ್ಳಿಗೂ ತಲುಪಿಸುತ್ತೇವೆ ಎಂದು ಜಾಹೀರಾತು ಕೊಟ್ಟವರಿಗೆ ಈ ಲೆಕ್ಕ ಗೊತ್ತಿಲ್ಲವೆಂದು ನಾನು ನಂಬುವುದಿಲ್ಲ. ಗೊತ್ತಿದ್ದೂ ಅದನ್ನು ಈ ಹುಡುಗನ ತಲೆಗೆ ಕಟ್ಟಿದ್ದಾರೆ, ಅವನು ನನ್ನ ತಲೆಗೆ ಕಟ್ಟಿದ.

ಹಾಗೆಂದು ನಾನು ಕಂಪನಿಯನ್ನು ಬಿಡಲಿಲ್ಲ. ಆನ್‌ಲೈನ್ ವ್ಯಾಪಾರಕ್ಕೆಂದೇ 2020ರಲ್ಲಿ ಬಂದ ಗ್ರಾಹಕ ಸಂರಕ್ಷಣಾ ನಿಯಮಗಳಿವೆ. ಮಾರುವ ತಾಣದವರು ದೂರು ತಲುಪಿತೆಂದು 48 ಗಂಟೆಯೊಳಗೆ ತಿಳಿಸಬೇಕು, ತಿಂಗಳೊಳಗೆ ಪರಿಹರಿಸಬೇಕು. ಕೇಳದಿದ್ದರೆ 1915ಕ್ಕೆ ಕರೆ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಹೇಳಬಹುದು. ಮಗಳ ಕೈಯಲ್ಲಿ ದೂರು ಬರೆಸಿದೆ. ಹಣ ವಾಪಸು ಬೇಕೆಂದಲ್ಲ, "ಮನೆಯಲ್ಲಿ ಯಾರೂ ಇರಲಿಲ್ಲ" ಎಂಬುದನ್ನು ಅಳಿಸಿ ಎಂದು. ಅದಕ್ಕೆ ನಯವಾದ ವಿಷಾದ ಬಂತು, ಮುಂದಿನ ಖರೀದಿಗೆ ನೂರು ರೂಪಾಯಿಯ ಕೂಪನ್ನೂ ಬಂತು. ಅಳಿಸಿದ ಸುದ್ದಿ ಬರಲಿಲ್ಲ.

ಮಿಕ್ಸಿಯನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬರುವಾಗ ಕಂಡಕ್ಟರ್ ನೋಡಿ ನಕ್ಕರು. "ಫೋನ್ ಮಾಡಿದ್ದರೆ ನಾನೇ ತಂದು ಇಳಿಸುತ್ತಿದ್ದೆನಲ್ಲ" ಎಂದರು. ನಿಜವೇ. ಔಷಧಿ, ಪತ್ರಿಕೆಯ ಕಟ್ಟು, ಮರೆತ ಕೊಡೆ, ಮದುವೆಯ ಕಾಗದ ಎಲ್ಲವೂ ಬಸ್ಸಿನಲ್ಲಿ ಬರುತ್ತಿದ್ದ ಊರು ಇದು. ಕಾರ್ಮಿಕರೇ ಸೇರಿ 1991ರಲ್ಲಿ ಕೊಪ್ಪದಲ್ಲಿ ಕಟ್ಟಿದ ಸಹಕಾರ ಸಾರಿಗೆಯ ಬಸ್ಸುಗಳು ಓಡುತ್ತಿದ್ದಾಗ ಯಾರ ಮನೆಯ ಪೊಟ್ಟಣ ಯಾವ ತಿರುವಿನಲ್ಲಿ ಇಳಿಯಬೇಕೆಂದು ಸಿಬ್ಬಂದಿಗೆ ಬಾಯಿಪಾಠವಾಗಿತ್ತು. ಅದು 2020ರಲ್ಲಿ ನಿಂತಿತು.

ಕಚೇರಿಯಿಂದ ಹೊರಡುವ ಮೊದಲು ನಾನು ಆ ಹುಡುಗನಿಗೆ ಹೇಳಿ ಬಂದಿದ್ದೆ: "ಮನೆಯವರೆಗೆ ಬರಬೇಡ ಮಾರಾಯ, ಮುಖ್ಯರಸ್ತೆಯ ಹಾಲಿನ ಡೈರಿಯಲ್ಲಿ ಇಟ್ಟು ಒಂದು ಫೋನ್ ಮಾಡು. ಬಂದಿದ್ದೇನೆ ಎಂದು ಮಾತ್ರ ಬಾರದೆ ಬರೆಯಬೇಡ." ಅವನು ಮಾತು ಉಳಿಸಿಕೊಂಡಿದ್ದಾನೆ. ಸುದ್ದಿ ಹರಡಿ ಈಗ ಸುತ್ತಲಿನ ಮನೆಗಳವರೆಲ್ಲ ಡೈರಿಯ ವಿಳಾಸವನ್ನೇ ಕೊಡುತ್ತಿದ್ದಾರೆ. ಡೈರಿಯ ಕಾರ್ಯದರ್ಶಿಗಳು ಮಾತ್ರ ನನ್ನ ಮೇಲೆ ಮುನಿಸಿಕೊಂಡಿದ್ದಾರೆ. ಹಾಲಿನ ಕ್ಯಾನ್ ಇಡುವ ಕಟ್ಟೆಯ ತುಂಬ ಪೆಟ್ಟಿಗೆಗಳಂತೆ, ಮೊನ್ನೆ ಯಾರೋ ಒಂದು ಸೈಕಲ್ ಬೇರೆ ತರಿಸಿದ್ದಾರಂತೆ.