ನಿಮ್ಮ ಜೋನ್ಸ್ ಮೋಸಗಾರ ಅಲ್ವಾ?

ಮೊದಲಿಗೆ, ಅವನು ನಮ್ಮವನಲ್ಲ. ನಾನು ಭಾನುವಾರ ಬೆಳಿಗ್ಗೆ ಎದ್ದು ಯುಎಫ್‌ಸಿ, ಅಂದರೆ ಅಮೆರಿಕದವರ ಪಂಜರದೊಳಗಿನ ಹೊಡೆದಾಟದ ಪಂದ್ಯ, ನೋಡುತ್ತೇನೆ ಅಂತ ಗೊತ್ತಾದರೆ ಸಾಕು, ಜನ "ನಿಮ್ಮ ಜೋನ್ಸ್" ಅಂತ ಶುರು ಮಾಡುತ್ತಾರೆ, ನಾನೇ ಹುಡುಕಿ ತಂದ ಅಳಿಯನ ಥರ. ಜಾನ್ ಜೋನ್ಸ್ 1987ರಲ್ಲಿ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿ ಹುಟ್ಟಿದವನು. ಅವನ ಮೂತ್ರ ಪರೀಕ್ಷೆಗೆ ನಾನು ಜವಾಬ್ದಾರನಲ್ಲ.

ಪ್ರಶ್ನೆ ಯಾವಾಗಲೂ ಒಂದೇ. "ಅವನು ನಿಜವಾಗ್ಲೂ ಅಷ್ಟು ದೊಡ್ಡ ಫೈಟರ್ರಾ? ಡ್ರಗ್ಸ್ ತಗೊಂಡು ಗೆದ್ದವನು ಅಲ್ವಾ?" ಮೊದಲನೆಯದಕ್ಕೆ ಹೌದು, ನಾನು ನೋಡಿದವರಲ್ಲಿ ಅವನಿಗಿಂತ ದೊಡ್ಡವನಿಲ್ಲ. ಎರಡನೆಯದು ಪ್ರಶ್ನೆಯೇ ಅಲ್ಲ, ತೀರ್ಪು. ಕೇಳುವವರು ಆಗಲೇ ಕೊಟ್ಟು ಮುಗಿಸಿರುತ್ತಾರೆ. ನಾನು ಸುಮ್ನೆ ತಲೆ ಆಡಿಸಬೇಕು.

2011ರ ಮಾರ್ಚ್‌ನಲ್ಲಿ ನ್ಯೂವಾರ್ಕ್‌ನಲ್ಲಿ ಆಗಿನ ಚಾಂಪಿಯನ್ ಶೋಗನ್ ರುವಾನನ್ನು ಹೊಡೆದು ಚಾಂಪಿಯನ್ ಆದಾಗ ಅವನಿಗೆ 23 ವರ್ಷ. ಯುಎಫ್‌ಸಿಯಲ್ಲಿ ಅಷ್ಟು ಚಿಕ್ಕ ವಯಸ್ಸಿಗೆ ಯಾರೂ ಬೆಲ್ಟ್ ಗೆದ್ದಿರಲಿಲ್ಲ. ಅದೇ ದಿನ, ಪಂದ್ಯಕ್ಕೆ ಮುಂಚೆ, ಪ್ಯಾಟರ್ಸನ್ ಊರಲ್ಲಿ ಕಾರಿನ ಗಾಜು ಒಡೆದು ಕದ್ದು ಓಡುತ್ತಿದ್ದ ಕಳ್ಳನನ್ನು ಅಟ್ಟಿಸಿಕೊಂಡು ಹೋಗಿ ಹಿಡಿದಿದ್ದ. ಇದನ್ನು ನೆನಪಿಟ್ಟುಕೊಳ್ಳಿ.

ಅವನ ಆಟದಲ್ಲಿ ನನಗೆ ಜಾಸ್ತಿ ಇಷ್ಟ ಆಗುವುದು ತಾಳ್ಮೆ. ಉದ್ದನೆಯ ಕೈಕಾಲು ಇರುವವರು ಬೇಕಾದಷ್ಟು ಜನ ಇದ್ದಾರೆ. ಇವನು ಆ ಉದ್ದದ ಲೆಕ್ಕ ಇಟ್ಟು ಹೊಡೆಯುತ್ತಾನೆ. ಎದುರಾಳಿಯ ಮಂಡಿಯ ಮೇಲ್ಭಾಗಕ್ಕೆ ಪಾದದಿಂದ ತಳ್ಳಿ ತಳ್ಳಿ ಅವನು ಮುಂದೆ ಬರದ ಹಾಗೆ ಮಾಡುತ್ತಾನೆ. ನೋಡಲು ಅಂದವಿಲ್ಲ, ಮಂಡಿಗೂ ಒಳ್ಳೆಯದಲ್ಲ, ಆದರೆ ನಿಯಮದಲ್ಲಿ ಅವಕಾಶ ಇದೆ. 2017ರ ಜುಲೈನಲ್ಲಿ ಡೇನಿಯಲ್ ಕಾರ್ಮಿಯರ್ ಜೊತೆಗಿನ ಎರಡನೇ ಪಂದ್ಯ ನೋಡಿ. ಎಡಗಾಲಲ್ಲಿ ಹೊಟ್ಟೆಗೆ ಹೊಡೆದ. ಮತ್ತೆ ಹೊಟ್ಟೆಗೆ. ಮೂರನೇ ಸುತ್ತಿನಲ್ಲಿ ಅದೇ ಕಾಲು ಎದ್ದಾಗ ಅದು ಹೋಗಿದ್ದು ತಲೆಗೆ. ಆಮೇಲೆ ಪರೀಕ್ಷೆಯಲ್ಲಿ ಟ್ಯುರಿನಬಾಲ್ ಎಂಬ ಸ್ಟೀರಾಯ್ಡ್ ಸಿಕ್ಕಿತು, ಗೆಲುವು ರದ್ದಾಯಿತು, ಬೆಲ್ಟ್ ಕಾರ್ಮಿಯರ್‌ಗೆ ವಾಪಸ್ ಹೋಯಿತು, ಇವನಿಗೆ 15 ತಿಂಗಳ ನಿಷೇಧ. ನೋಡಿ, ನಾನೇನೂ ಮುಚ್ಚಿಡುತ್ತಿಲ್ಲ.

ನನ್ನ ತಾಳ್ಮೆ ಕೆಟ್ಟಿದ್ದು ನೆಂಟರ ಮನೆಯ ಒಂದು ಸೀಮಂತದ ಊಟದಲ್ಲಿ. ಪಕ್ಕದ ಎಲೆಯಲ್ಲಿ ಭಾವ. "ಏನೋ, ನಿಮ್ಮ ಜೋನ್ಸ್ ಇಂಜೆಕ್ಷನ್ ಗಿರಾಕಿಯಂತೆ?"

"ಭಾವ, ಇಂಜೆಕ್ಷನ್ ಬಿಡಿ. ಇದನ್ನ ಕೇಳಿ" ಅಂದೆ. 2015ರ ಏಪ್ರಿಲ್, ಆಲ್ಬುಕರ್ಕಿ ನಗರ. ಇವನು ಸಿಗ್ನಲ್ ಹಾರಿಸಿದ, ಕಾರುಗಳು ಡಿಕ್ಕಿಯಾದವು. ಒಂದು ಕಾರಿನಲ್ಲಿ ಬಸುರಿ ಹೆಂಗಸು. ಅವಳ ಕೈ ಮುರಿಯಿತು. ಇವನು ಕಾರು ಬಿಟ್ಟು ಓಡಿದ. ನೋಡಿದವರು ಹೇಳಿದ ಪ್ರಕಾರ, ಒಮ್ಮೆ ವಾಪಸ್ ಬಂದ, ಕಾರಿನಲ್ಲಿದ್ದ ದುಡ್ಡು ಬಾಚಿಕೊಂಡ, ಮತ್ತೆ ಓಡಿದ. ನಾಲ್ಕು ವರ್ಷದ ಹಿಂದೆ ಕಳ್ಳನನ್ನು ಅಟ್ಟಿಸಿಕೊಂಡು ಹೋಗಿದ್ದವನು ಇವನೇ. ಕೋರ್ಟ್‌ನಲ್ಲಿ ತಪ್ಪು ಒಪ್ಪಿಕೊಂಡ, ಜೈಲಾಗಲಿಲ್ಲ, ನಿಗಾದಲ್ಲಿ ಇಟ್ಟರು.

ಹೋಳಿಗೆ ಬಡಿಸುತ್ತಿದ್ದ ಅತ್ತೆ ಅಲ್ಲೇ ನಿಂತರು. "ಇವತ್ತು, ಈ ಮನೇಲಿ, ಇದೇ ಮಾತು ಬೇಕಿತ್ತಾ ನಿಂಗೆ?" ಶುರು ಮಾಡಿದ್ದು ಭಾವ, ಬೈಗುಳ ನನಗೆ. ಭಾವ ತುಪ್ಪ ಹಾಕಿಸಿಕೊಂಡು ಏನಂದರು ಗೊತ್ತಾ? "ಅದಿರಲಿ, ಸ್ಟೀರಾಯ್ಡ್ ತಗೊಂಡಿದ್ನಾ ಇಲ್ವಾ?"

ಇದೇ ನನಗೆ ತಲೆಕೆಡುವ ವಿಷಯ. ಮುರಿದ ಕೈ ಯಾರಿಗೂ ಬೇಡ, ಮಾತ್ರೆಯ ಹೆಸರು ಬೇಕು. ಸರಿ, ಮಾತ್ರೆಯನ್ನೇ ತೆಗೆದುಕೊಳ್ಳೋಣ. 2016ರಲ್ಲಿ ಯುಎಫ್‌ಸಿ 200 ಎಂಬ ದೊಡ್ಡ ಕಾರ್ಯಕ್ರಮಕ್ಕೆ ಇನ್ನೇನು ಕೆಲವೇ ದಿನ ಇದ್ದಾಗ ಸಿಕ್ಕಿಬಿದ್ದ. ವಿಚಾರಣೆಯಲ್ಲಿ ಹೊರಬಿದ್ದಿದ್ದು ಏನೆಂದರೆ, ಹಾಸಿಗೆಯಲ್ಲಿ ಕಸುವು ಹೆಚ್ಚಿಸುವ ಮಾತ್ರೆಯನ್ನು ತಂಡದ ಜೊತೆಗಾರನಿಂದ ತೆಗೆದುಕೊಂಡು ನುಂಗಿದ್ದ, ಅದು ಕಲಬೆರಕೆ ಮಾಲು. ಬೇಕೆಂದೇ ಮಾಡಿದ ಮೋಸ ಅಲ್ಲ, ಆದರೆ ಮಿತಿಮೀರಿದ ಬೇಜವಾಬ್ದಾರಿ ಅಂತ ಹೇಳಿ ಒಂದು ವರ್ಷ ಹೊರಗಿಟ್ಟರು. ಚಾಂಪಿಯನ್ ಆದವನು ಯಾರೋ ಕೊಟ್ಟ ಮಾತ್ರೆ ನುಂಗುತ್ತಾನಾ? ಇವನು ನುಂಗುತ್ತಾನೆ.

ಆದರೆ ಯಾರೂ ಕೇಳದ ಪ್ರಶ್ನೆ ಒಂದಿದೆ. ಪ್ರತಿ ಸಲ ಬಾಗಿಲು ತೆರೆದವರು ಯಾರು?

2015ರ ಜನವರಿಯಲ್ಲಿ ಕಾರ್ಮಿಯರ್ ಜೊತೆ ಮೊದಲ ಪಂದ್ಯ. ಅದಕ್ಕೂ ಮೊದಲೇ ಪರೀಕ್ಷೆಯಲ್ಲಿ ಕೊಕೇನ್ ಕುರುಹು ಸಿಕ್ಕಿತ್ತು. ಪಂದ್ಯವಿಲ್ಲದ ದಿನಗಳಲ್ಲಿ ಅದಕ್ಕೆ ನಿಷೇಧವಿಲ್ಲ ಎಂಬ ನಿಯಮದ ಸಂದಿನಲ್ಲಿ ಪಂದ್ಯ ನಡೆಯಿತು, ಸುದ್ದಿ ಹೊರಬಂದಿದ್ದು ಆಮೇಲೆ. ಅವನು ವ್ಯಸನಮುಕ್ತಿ ಕೇಂದ್ರಕ್ಕೆ ಹೋದ, ಒಂದೇ ರಾತ್ರಿ ಇದ್ದು ಬಂದ. ಇನ್ನು 2018ರ ಡಿಸೆಂಬರ್. ಅದೇ ಟ್ಯುರಿನಬಾಲ್‌ನ ಕುರುಹು ಮತ್ತೆ ಸಿಕ್ಕಿತು, ಪಿಕೋಗ್ರಾಂ ಲೆಕ್ಕದಲ್ಲಿ. ಅಂದರೆ ಗ್ರಾಂನ ಲಕ್ಷ ಕೋಟಿಯಲ್ಲಿ ಒಂದು ಪಾಲು. ಹಳೆಯದರ ಉಳಿಕೆ, ಹೊಸದಾಗಿ ತೆಗೆದುಕೊಂಡಿಲ್ಲ ಅಂತ ಪರೀಕ್ಷೆ ಮಾಡುವ ಸಂಸ್ಥೆ ಹೇಳಿತು. ಅದು ಇರಬಹುದು, ನಾನು ಒಪ್ಪುತ್ತೇನೆ. ಆದರೆ ಪಂದ್ಯ ನಡೆಯಬೇಕಿದ್ದ ನೆವಾಡಾ ರಾಜ್ಯದ ಕ್ರೀಡಾ ಆಯೋಗ ಅಷ್ಟು ಬೇಗ ಲೈಸೆನ್ಸ್ ಕೊಡಲು ಆಗಲ್ಲ ಅಂದಾಗ ಯುಎಫ್‌ಸಿ ಏನು ಮಾಡಿತು? ಪಂದ್ಯಕ್ಕೆ ಆರು ದಿನ ಇರುವಾಗ ಇಡೀ ಕಾರ್ಯಕ್ರಮವನ್ನೇ ಲಾಸ್ ವೇಗಸ್‌ನಿಂದ ಕ್ಯಾಲಿಫೋರ್ನಿಯಾಕ್ಕೆ ಸಾಗಿಸಿತು. ಒಬ್ಬನಿಗೋಸ್ಕರ. ಟಿಕೆಟ್ ತೆಗೆದು ಹೋಟೆಲ್ ಬುಕ್ ಮಾಡಿದವರ ಗತಿ? ಅದೇ ರಾತ್ರಿ ಆಡಬೇಕಿದ್ದ, ಈ ಗಲಾಟೆಗೆ ಸಂಬಂಧವೇ ಇಲ್ಲದ ಉಳಿದ ಫೈಟರ್‌ಗಳು? ಆದಾಯ ತೆರಿಗೆಯೇ ಇಲ್ಲದ ರಾಜ್ಯದಿಂದ ತೆರಿಗೆ ಇರುವ ರಾಜ್ಯಕ್ಕೆ ಅವರೂ ಗಂಟುಮೂಟೆ ಕಟ್ಟಿದರು.

ಮೋಸ ಎಂಬ ಮಾತು ಬೇಕೇ ಬೇಕು ಅನ್ನುವವರಿಗೆ ನಾನು ಟಾಮ್ ಆಸ್ಪಿನಾಲ್ ಹೆಸರು ಹೇಳುತ್ತೇನೆ. ಇಂಗ್ಲೆಂಡಿನ ಹೆವಿವೇಟ್ ಹುಡುಗ. 2023ರ ನವೆಂಬರ್‌ನಲ್ಲಿ, ಆ ತೂಕದಲ್ಲೂ ಚಾಂಪಿಯನ್ ಆಗಿದ್ದ ಜೋನ್ಸ್ ಗಾಯಗೊಂಡಿದ್ದಾಗ, ಹಂಗಾಮಿ ಬೆಲ್ಟ್ ಗೆದ್ದು ಅವನಿಗಾಗಿ ಕಾಯುತ್ತಾ ಕೂತ. ಜೋನ್ಸ್ ಮರುವರ್ಷ ಆಡಿದ್ದು ಅವನ ಜೊತೆ ಅಲ್ಲ, ನಲವತ್ತು ದಾಟಿದ್ದ ಸ್ಟೀಪೆ ಮಿಯೋಚಿಚ್ ಜೊತೆ. ಗೆದ್ದ, ಕುಣಿದ, 2025ರ ಜೂನ್‌ನಲ್ಲಿ ನಿವೃತ್ತಿ ಅಂದ. ತಿಂಗಳು ತುಂಬುವ ಮೊದಲೇ, ಶ್ವೇತಭವನದಲ್ಲಿ ಪಂದ್ಯ ನಡೆಯುತ್ತದಂತೆ ಎಂಬ ಸುದ್ದಿ ಬಂತು, ಇವನು ನಾನೂ ಬರ್ತೀನಿ ಅಂದ. ಆಸ್ಪಿನಾಲ್‌ಗೆ ಪೂರ್ತಿ ಬೆಲ್ಟ್ ಸಿಕ್ಕಿತು, ಸಿಗಬೇಕಾಗಿದ್ದ ಪಂದ್ಯ ಸಿಗಲಿಲ್ಲ. ಅದಕ್ಕೆ ಯಾವ ಲ್ಯಾಬಿನ ರಿಪೋರ್ಟೂ ಬೇಕಾಗಿರಲಿಲ್ಲ.