ಹಲ್ಲಿನೊಳಗೆ ಸಿಕ್ಕಿದ ಹಸು

ಮಾಸ್ ಸ್ಪೆಕ್ಟ್ರೋಮೀಟರ್ ಅಂದ್ರೆ ಅಣುಗಳ ತೂಕ ಅಳೆದು ಅವು ಏನು ಅಂತ ಗುರುತು ಹಿಡಿಯೋ ಮಷೀನ್, ಅದರ ರಿಸಲ್ಟ್ ಬರೋ ಹಿಂದಿನ ರಾತ್ರಿ ನಂಗೆ ನಿದ್ದೆ ಬರಲ್ಲ, ಅವತ್ತೂ ಬಂದಿರಲಿಲ್ಲ. ಮಷೀನಿಗೆ ಕೊಟ್ಟಿದ್ದು ಒಂದು ಘೇಂಡಾಮೃಗದ ಹಲ್ಲಿನ ಎನಾಮಲ್, ಅಂದ್ರೆ ಹಲ್ಲಿನ ಹೊರಪದರ, ಲಕ್ಷಾಂತರ ವರ್ಷ ಹಳೇದು, ಮ್ಯೂಸಿಯಂ ಡ್ರಾಯರಲ್ಲಿ ಎಷ್ಟೋ ದಶಕದಿಂದ ಮಲಗಿತ್ತು. ನನ್ನ ಕೈಯಿಂದ ಹೋದ ಮೊದಲನೇ ಹಲ್ಲು ಅದು.

ಅದಕ್ಕೂ ಮುಂಚೆ ಎರಡು ವರ್ಷ ನಾನು ಮಾಡಿದ್ದು ಬರೀ ಚಿಪ್ಪಿನ ಕೆಲಸ. ಸಿಹಿನೀರಿನ ಬಸವನಹುಳು ಒಳಗೆ ಹೋದಾಗ ಬಾಗಿಲು ಹಾಕ್ಕೊಳ್ಳೋ ಒಂದು ಪುಟ್ಟ ಮುಚ್ಚಳ ಇರುತ್ತೆ, ಕೆಲವು ಜಾತೀಲಿ ಅದು ಕ್ಯಾಲ್ಸೈಟ್ ಅನ್ನೋ ಸುಣ್ಣದ ಖನಿಜದ್ದು, ಮೂರ್ನಾಲ್ಕು ಮಿಲಿಮೀಟರ್ ಅಷ್ಟೇ, ಲೆನ್ಸ್ ಕೆಳಗಿಟ್ರೆ ಒಂದರೊಳಗೊಂದು ಉಂಗುರ ಕಾಣುತ್ತೆ. ಪ್ರೋಟೀನನ್ನ ಕಟ್ಟೋ ಅಮೈನೋ ಆಮ್ಲಗಳಿಗೆ ನಮ್ಮ ಎಡಗೈ ಬಲಗೈ ತರ ಕನ್ನಡಿಯ ಎರಡು ರೂಪ ಇರುತ್ತೆ, ಜೀವಿಗಳಲ್ಲಿರೋದು ಹೆಚ್ಚುಕಮ್ಮಿ ಎಲ್ಲಾ ಎಡಗೈ ರೂಪದ್ದು, ಸತ್ತ ಮೇಲೆ ಅದು ನಿಧಾನಕ್ಕೆ ಬಲಗೈ ರೂಪಕ್ಕೆ ತಿರುಗ್ತಾ ಹೋಗುತ್ತೆ, ಹಾಗಾಗಿ ಎಷ್ಟು ತಿರುಗಿದೆ ಅಂತ ಅಳೆದು, ಆ ಜಾಗದ ಉಷ್ಣಾಂಶದ ಲೆಕ್ಕಾನೂ ಇಟ್ಕೊಂಡ್ರೆ ವಯಸ್ಸಿನ ಅಂದಾಜು ಸಿಗುತ್ತೆ. 2011ರಲ್ಲಿ ಕರ್ಸ್ಟಿ ಪೆಂಕ್‌ಮನ್ ಮತ್ತೆ ಅವರ ಜೊತೆಯವರು ಇದೇ ಮುಚ್ಚಳಗಳನ್ನ ಇಟ್ಕೊಂಡು ಬ್ರಿಟನ್ನಿನ ಹಿಮಯುಗದ ಪದರಗಳಿಗೆ ಒಂದು ಕಾಲಕ್ರಮಾನೇ ಕಟ್ಟಿಕೊಟ್ರು. ನಾನು ಈ ಕೆಲಸಕ್ಕೆ ಬಂದಿದ್ದೇ ಅದನ್ನ ಓದಿ.

ಚಿಪ್ಪಿನ ಕೆಲಸದಲ್ಲಿ ನಂಗೆ ತುಂಬಾ ಇಷ್ಟ ಆಗೋದು ಬ್ಲೀಚ್ ಹಂತ. ಪುಡಿ ಮಾಡಿದ ಚಿಪ್ಪನ್ನ 48 ಗಂಟೆ ಬ್ಲೀಚಲ್ಲಿ ನೆನೆಸಿಡ್ತೀವಿ. ಹೊರಗಡೆಯಿಂದ ಅಂಟಿದ್ದು, ಮಣ್ಣಿಂದ ಬಂದಿದ್ದು, ನಮ್ಮ ಬೆರಳಿಂದ ಬಂದಿದ್ದು, ಎಲ್ಲಾ ಸುಟ್ಟು ಹೋಗುತ್ತೆ. ಹರಳಿನ ಒಳಗೆ ಬೀಗ ಹಾಕ್ಕೊಂಡು ಕೂತಿರೋ ಪ್ರೋಟೀನ್ ಮಾತ್ರ ಉಳಿಯುತ್ತೆ. ಎರಡು ವರ್ಷ ಇದನ್ನೇ ಮಾಡಿ ಮಾಡಿ ಒಳಗಿದ್ದಿದ್ದೇ ನಿಜ, ಹೊರಗಿದ್ದಿದ್ದು ಹೋಗೇ ಹೋಗುತ್ತೆ ಅನ್ನೋದು ನನ್ನ ತಲೇಲಿ ಕೂತುಬಿಟ್ಟಿತ್ತು.

ಹಲ್ಲಿಗೆ ನಾವು ಅವತ್ತು ಬ್ಲೀಚ್ ಹಾಕಿರಲಿಲ್ಲ, ಮೇಲ್ಮೈ ಕೆರೆದು ತೆಗೆದಿದ್ದೆ ಅಷ್ಟೇ. ಎನಾಮಲ್ ನಮ್ಮ ದೇಹದಲ್ಲಿರೋದ್ರಲ್ಲೆಲ್ಲಾ ಗಟ್ಟಿ ವಸ್ತು, ಸುಮಾರು 96% ಖನಿಜಾನೇ. ಅದನ್ನ ಕಟ್ಟೋಕೆ ಅಂತ ಅಮೆಲೋಜೆನಿನ್ ತರದ ಪ್ರೋಟೀನ್‌ಗಳು ಬರ್ತವೆ, ಕಟ್ಟಿ ಮುಗಿಯೋ ಹೊತ್ತಿಗೆ ಕಿಣ್ವಗಳು ಅವನ್ನ ತುಂಡು ತುಂಡು ಮಾಡಿ ಹೊರಗೆ ಹಾಕ್ತವೆ, ಹೊರಗೆ ಹೋಗದೇ ಸಿಕ್ಕಿಹಾಕ್ಕೊಂಡ ಚೂರುಗಳೇ ನಮಗೆ ಬೇಕಾಗಿರೋದು. ಡಿಎನ್‌ಎ ಇಲ್ಲದ ಕಡೆ ಈ ಚೂರು ಇರುತ್ತೆ. ಜಾರ್ಜಿಯಾದ ದ್ಮಾನಿಸಿಯಲ್ಲಿ ಸಿಕ್ಕಿದ 17.7 ಲಕ್ಷ ವರ್ಷ ಹಳೇ ಘೇಂಡಾಮೃಗದ ಹಲ್ಲಿಂದ 2019ರಲ್ಲಿ ಹೀಗೇ ಪ್ರೋಟೀನ್ ಓದಿದ್ರು, ಅದೇ ವರ್ಷ ಚೀನಾದ ಜೈಗಾಂಟೋಪಿಥೆಕಸ್ ಅನ್ನೋ ದೈತ್ಯ ವಾನರದ 19 ಲಕ್ಷ ವರ್ಷದ ಹಲ್ಲು ಓದಿ ಅದು ಒರಾಂಗುಟಾನ್ ಕಡೆಯವನು ಅಂತ ತೋರಿಸಿದ್ರು. 2025ರಲ್ಲಂತೂ ಕೆನಡಾದ ಆರ್ಕ್ಟಿಕ್ ಭಾಗದ ಘೇಂಡಾಮೃಗದ ಹಲ್ಲು ಎರಡು ಕೋಟಿ ವರ್ಷ ದಾಟಿಬಿಡ್ತು. ಥಂಡಿ ಜಾಗ ಆದ್ರೆ ಪ್ರೋಟೀನ್‌ಗೆ ಅದೇ ದೊಡ್ಡ ಪುಣ್ಯ.

ಚೂರನ್ನ ಆಸಿಡ್‌ಗೆ ಹಾಕೋ ಹೊತ್ತಲ್ಲಿ ಕೈ ಸ್ವಲ್ಪ ತಡೀತು. ಹಾಲುಬಣ್ಣದ ಸಣ್ಣ ಚಕ್ಕೆ, ಒಂದು ಕಡೆ ಹೊಳಪು, ಇನ್ನೊಂದು ಕಡೆ ಮುರಿದ ಗೆರೆ. ಹಾಕಿದ ತಕ್ಷಣ ಅಂಚಿಂದ ಕೂದಲೆಳೆಯಷ್ಟು ಸಣ್ಣ ಗುಳ್ಳೆ ಸಾಲಾಗಿ ಎದ್ದವು, ಬೆಳಗ್ಗೆ ಬಂದು ನೋಡಿದ್ರೆ ಟ್ಯೂಬಿನ ತಳದಲ್ಲಿ ಏನೂ ಇಲ್ಲ. ಅಷ್ಟು ವರ್ಷ ಉಳಿದಿದ್ದನ್ನ ಒಂದು ರಾತ್ರೀಲಿ ನಾನೇ ಕರಗಿಸಿದ್ದೆ, ಅದಕ್ಕೆ ಬರೋ ಉತ್ತರ ಸರಿಯಾಗಿ ಬರಲೇಬೇಕು ಅಂತ ಮನಸ್ಸಲ್ಲಿ ಒಂದೇ ಸಮನೆ ಓಡ್ತಿತ್ತು. ಪಕ್ಕದಲ್ಲೇ ಇನ್ನೊಂದು ಟ್ಯೂಬ್, ಅದೇ ಆಸಿಡ್, ಅದೇ ಎಲ್ಲಾ ಹಂತ, ಹಲ್ಲು ಮಾತ್ರ ಇಲ್ಲ. ಬ್ಲಾಂಕ್ ಅಂತೀವಿ. ನಮ್ಮ ಚರ್ಮದ ಕೆರಾಟಿನ್ನೋ ಸ್ವೆಟರಿನ ಉಣ್ಣೆನೋ ಬಿದ್ದಿದ್ರೆ ಅದ್ರಲ್ಲೂ ಕಾಣುತ್ತೆ.

ರಿಸಲ್ಟ್ ಫೈಲ್ ಓಪನ್ ಮಾಡಿದೆ. ಅಮೆಲೋಜೆನಿನ್ ಇತ್ತು! ಜಾಸ್ತಿ ಏನಿಲ್ಲ, ಸಣ್ಣ ಸಣ್ಣ ತುಂಡು, ಆದ್ರೆ ಇತ್ತು. ಅದರ ಮೇಲೆ ಪಟ್ಟಿಯ ತುದೀಲೇ ಕೊಲಾಜೆನ್, ಚರ್ಮ, ಮೂಳೆಯಲ್ಲಿರೋ ಪ್ರೋಟೀನ್, ಅದೂ ಉದ್ದುದ್ದ ತುಂಡು, ಒಂದರ ಹಿಂದೆ ಒಂದು. ಎನಾಮಲ್ ಜೊತೆ ಅದರ ಕೆಳಗಿನ ಪದರ, ಅಂದ್ರೆ ಡೆಂಟಿನ್, ಒಂದಿಷ್ಟು ಬಂದಿರಬೇಕು, ಡೆಂಟಿನಲ್ಲಿ ಕೊಲಾಜೆನ್ ಇರುತ್ತಲ್ಲ, ಇಷ್ಟು ಹಳೇ ಕೊಲಾಜೆನ್ ಇಷ್ಟು ಚೆನ್ನಾಗಿ ಉಳಿದಿದೆ ಅಂದ್ರೆ ಎಂಥಾ ದೊಡ್ಡ ವಿಷಯ ಅಂತ ಖುಷಿಗೆ ಎದ್ದು ನಿಂತುಬಿಟ್ಟೆ. ಗೈಡ್ ಮೇಡಂ ಹತ್ರ ಓಡಿದೆ.

ಅವರು ಪೂರ್ತಿ ಕೇಳಿಸ್ಕೊಂಡು ಒಂದೇ ಪ್ರಶ್ನೆ ಕೇಳಿದ್ರು. "ಕೊಲಾಜೆನ್ ಯಾವ ಪ್ರಾಣೀದು ಅಂತ ನೋಡಿದ್ಯಾ?"

"ಇಲ್ಲ ಮೇಡಂ, ಘೇಂಡಾಮೃಗದ್ದೇ ಅಲ್ವಾ?"

"ನೋಡ್ಕೊಂಡು ಬಾ."

ನೋಡಿದೆ. ಹಸು. ಘೇಂಡಾಮೃಗಕ್ಕೂ ಹಸುವಿಗೂ ಎಲ್ಲೆಲ್ಲಿ ವ್ಯತ್ಯಾಸ ಬರುತ್ತೋ ಅಲ್ಲೆಲ್ಲಾ ಹಸು. ತಕ್ಷಣ ಬ್ಲಾಂಕ್ ತೆಗೆದೆ, ನನ್ನ ಕೈಯಿಂದಾನೇ ಬಿದ್ದಿರಬೇಕು ಅಂತ, ಆದ್ರೆ ಅದ್ರಲ್ಲಿ ಹಸು ಇಲ್ಲ, ಕ್ಲೀನ್. ಅಂದ್ರೆ ಅದು ಹಲ್ಲಿನ ಜೊತೆನೇ ಬಂದಿದ್ದು. ಆಮೇಲೆ ಗ್ಲುಟಮೈನ್ ಅನ್ನೋ ಅಮೈನೋ ಆಮ್ಲ ನೋಡಿದೆ. ಪ್ರೋಟೀನ್ ಹಳೇದಾಗ್ತಾ ಹೋದ ಹಾಗೆ ಗ್ಲುಟಮೈನ್ ಗ್ಲುಟಾಮಿಕ್ ಆಮ್ಲ ಆಗ್ತಾ ಹೋಗುತ್ತೆ, ಮಾಸ್ ಸ್ಪೆಕ್‌ನಲ್ಲಿ ತೂಕ ಸುಮಾರು ಒಂದು ಯೂನಿಟ್ ಜಾಸ್ತಿ ತೋರಿಸುತ್ತೆ. ಅಮೆಲೋಜೆನಿನ್ ತುಂಡುಗಳಲ್ಲಿ ಹೆಚ್ಚುಕಮ್ಮಿ ಎಲ್ಲಾ ಬದಲಾಗಿತ್ತು. ಕೊಲಾಜೆನ್‌ನಲ್ಲಿ ಅಲ್ಲೊಂದು ಇಲ್ಲೊಂದು. ಒಂದೇ ಟ್ಯೂಬಲ್ಲಿ ಎರಡು ಕಾಲ.

ಮಧ್ಯಾಹ್ನ ಉಳಿದ ಹಲ್ಲನ್ನ ಮೈಕ್ರೋಸ್ಕೋಪ್ ಕೆಳಗಿಟ್ಟು ಲೈಟ್ ಓರೆಯಾಗಿ ಬಿಟ್ಟೆ. ನಾನು ಚಕ್ಕೆ ತೆಗೆದ ಜಾಗದ ಪಕ್ಕದಲ್ಲೇ ಒಂದು ಬಿರುಕು, ಅದರ ಉದ್ದಕ್ಕೂ ಜೇನುಬಣ್ಣದ ಸಣ್ಣ ಹೊಳಪು. ಅಂಟು. ಹಿಂದೆಲ್ಲಾ ಪಳೆಯುಳಿಕೆ ಒಡೆದ್ರೆ ಪ್ರಾಣಿಗಳ ಚರ್ಮ, ಮೂಳೆ ಬೇಯಿಸಿ ಮಾಡಿದ ಅಂಟನ್ನೇ ಹಚ್ತಿದ್ರು, ಅಂದ್ರೆ ಅದು ಪೂರ್ತಿ ಕೊಲಾಜೆನ್ನೇ. ಮೇಲ್ಮೈ ಕೆರೆದಿದ್ದೆ ನಿಜ, ಬಿರುಕಿನೊಳಗೆ ಇಳಿದಿದ್ದನ್ನ ನೋಡಿರಲಿಲ್ಲ. ತೆಗೆಯೋಕೆ ಮುಂಚೆನೇ ಈ ಲೈಟ್ ಬಿಡಬೇಕಿತ್ತು, ಅದು ನನ್ನದೇ ತಪ್ಪು.

ಮೊದಲು ಆ ಅಂಟು ಹಚ್ಚಿದವರ ಮೇಲೆ ಸಿಟ್ಟು ಬಂತು, ಸುಳ್ಳು ಹೇಳಲ್ಲ. ಆಮೇಲೆ ಆ ಬಿರುಕನ್ನೇ ನೋಡ್ತಾ ಕೂತೆ. ಎಷ್ಟು ನಾಜೂಕಾಗಿ ಹಚ್ಚಿದ್ರು ಅಂದ್ರೆ ಹೊರಗೆ ಒಂದು ಹನಿನೂ ಚೆಲ್ಲಿರಲಿಲ್ಲ, ಎರಡೂ ಅಂಚು ಉಗುರಿಗೂ ಸಿಗದ ಹಾಗೆ ಕೂಡಿದ್ವು. ಅವರು ಅವತ್ತು ಅದನ್ನ ಮಾಡದೇ ಇದ್ದಿದ್ರೆ ಹಲ್ಲು ಯಾವತ್ತೋ ಪುಡಿಯಾಗಿ ಹೋಗ್ತಿತ್ತು, ನನ್ನ ಕೈಗೆ ಬರ್ತಾನೇ ಇರಲಿಲ್ಲ. ಹಲ್ಲಿಂದ ಒಂದು ದಿನ ಯಾರೋ ಪ್ರೋಟೀನ್ ಓದ್ತಾರೆ ಅಂತ ಅವರಿಗೆ ಹೇಗೆ ಗೊತ್ತಾಗಬೇಕು.

ಕೊಲಾಜೆನ್ ಅಷ್ಟನ್ನೂ ಪಟ್ಟಿಯಿಂದ ತೆಗೆದೆ. ಉಳಿದಿದ್ದು ನೋಡೋಕೆ ತೀರಾ ಬಡವಾಗಿತ್ತು, ಆದ್ರೆ ಉಳಿದಿದ್ದು ಆ ಪ್ರಾಣೀದೇ. ಇನ್ನೊಂದು ಚಕ್ಕೆ ತಗೋಬೇಕಾ ಅಂತ ಮೇಡಂನ ಕೇಳಿದ್ದಕ್ಕೆ ಈಗ ಬೇಡ, ಸಿಕ್ಕಿರೋದನ್ನ ಮೊದಲು ಪೂರ್ತಿ ಓದು ಅಂದ್ರು. ಹಲ್ಲನ್ನ ಹತ್ತಿ ಮೇಲಿಟ್ಟು ಡಬ್ಬಿ ಮುಚ್ಚಿದೆ. ಲೇಬಲ್ ಮೇಲೆ ನಂಬರ್ ಕೆಳಗೆ ಜಾಗ ಇತ್ತು, ಅಲ್ಲಿ ಬಿರುಕು ಯಾವ ಕಡೆ ಇದೆ ಅಂತ ಒಂದು ಸಣ್ಣ ಚಿತ್ರ ಬರೆದು, ಪಕ್ಕದಲ್ಲಿ "ಹಳೇ ಅಂಟು ಇದೆ, ಎದುರು ಬದಿಯಿಂದ ತಗೊಳ್ಳಿ" ಅಂತ ಬರೆದಿಟ್ಟೆ.